ನಿಂತಲ್ಲೇ ತಿರುಗುವುದೋ, ಅಡ್ಡಾಡುತ್ತ ತಿರುಗುವುದೋ

"ಇದು ಬೇಕೋ, ಅದು ಬೇಕೋ?" ಎಂದು ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ಕೇಳುವವರು ಒಳ್ಳೆಯವರೇ ಇರುತ್ತಾರೆ. ಚಹಾನೋ ಕಾಫಿಯೋ ಎಂದು ಕೇಳುವುದರ ಹಿಂದೆ ಯಾವ ಕುತಂತ್ರವೂ ಇರುವುದಿಲ್ಲ, ನಿಜ. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನನ್ನ ಬಾಯಿ ತಾನಾಗಿಯೇ "ಯಾವುದಾದ್ರೂ ನಡಿತೈತ್ರಿ" ಎಂದುಬಿಡುತ್ತದೆ. ಹಾಗೆಂದವನಿಗೆ ಸಿಗುವುದು ಯಾವಾಗಲೂ ಪಾತ್ರೆಯ ತಳದಲ್ಲಿ ಉಳಿದದ್ದು. ಮದುವೆಗೆ ಮುಂಚೆ ಎರಡು ಕಡೆ ಹೆಣ್ಣು ನೋಡಿ ಬಂದಾಗಲೂ ನಾನು ಇದೇ ಮಾತು ಹೇಳಿದ್ದೆನೆಂದು ಯಾರೋ ಪುಣ್ಯಾತ್ಮರು ನನ್ನ ಹೆಂಡತಿಯ ಕಿವಿಗೆ ಹಾಕಿದ್ದಾರೆ. ಅದು ಇವತ್ತಿಗೂ ಹಬ್ಬಕ್ಕೊಮ್ಮೆ ಹಳೆಯ ಹಿತ್ತಾಳೆ ಪಾತ್ರೆಗಳ ಜೊತೆಗೆ ಅಟ್ಟದಿಂದ ಕೆಳಗಿಳಿಯುತ್ತದೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಹೆಂಡತಿ ಶೋಭಾ ಹುಬ್ಬಳ್ಳಿಯವಳು, ದೇಶಪಾಂಡೆ ನಗರದ ಮಗಳು. ಮನೆ ಕಟ್ಟಿಸುವ ಕಾಲಕ್ಕೆ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಎಂಬ ಪ್ರಶ್ನೆ ಎದ್ದಿತು. ನಾನು ಬಹಳ ಯೋಚಿಸಿ ಎರಡೂ ಊರುಗಳ ನಡುವೆ ಇರುವ ನವನಗರದಲ್ಲಿ ಕಟ್ಟಿಸಿದೆ. ಎರಡೂ ಊರಿಗೆ ಸಮೀಪ ಎಂದು ನಾನು ಹೇಳುತ್ತೇನೆ, ಎರಡೂ ಊರಿಗೆ ದೂರ ಎಂದು ಅವಳು ಹೇಳುತ್ತಾಳೆ. ಕಚೇರಿಯಲ್ಲಿ ಮಾತ್ರ ನನ್ನ ಈ ಗುಣಕ್ಕೆ ಬೆಲೆ ಇತ್ತು. ಯಾವ ಫೈಲು ಬಂದರೂ "ಮೇಲಿನವರ ಆದೇಶಕ್ಕಾಗಿ ಮಂಡಿಸಲಾಗಿದೆ" ಎಂದು ಬರೆದು ದಾಟಿಸುತ್ತಿದ್ದೆ. ಸರ್ಕಾರಿ ಕಚೇರಿಯಲ್ಲಿ ಹಾಗೆ ಮಾಡುವವನನ್ನು ಅನುಭವಸ್ಥ ಎನ್ನುತ್ತಾರೆ. ಅದೇ ಮನೆಯಲ್ಲಿ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಕಾರು ನನಗೆ ಬಂದದ್ದೂ ಈ ಗುಣದಿಂದಲೇ. ನನ್ನ ಮಾವನವರ ಹತ್ತಿರ ಒಂದು ಕರಿ ಕಾರಿತ್ತು. ಅದನ್ನವರು ಸಾಕಿದ್ದರು ಎನ್ನಬೇಕು, ಇಟ್ಟುಕೊಂಡಿದ್ದರು ಎಂದರೆ ಸಾಲದು. ನನ್ನ ಅತ್ತೆಯವರು ಬದುಕಿದ್ದಾಗ ಕಾರು ಹತ್ತುವ ಮೊದಲು ಅದರ ಬಾನೆಟ್ಟಿನಲ್ಲಿ ಬಗ್ಗಿ ನೋಡಿ ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ಮಾವನವರು ಪಕ್ಕದಲ್ಲಿ ನಿಂತು ಅದರಲ್ಲೇ ಕ್ರಾಪು ತಿದ್ದಿಕೊಳ್ಳುತ್ತಿದ್ದರಂತೆ. ಅತ್ತೆ ತೀರಿಕೊಂಡರು. ಮಾವನವರ ಎರಡೂ ಕಣ್ಣಿಗೆ ಪೊರೆ ಬರತೊಡಗಿತು, ಕಾರು ನಡೆಸುವುದು ನಿಂತಿತು. ಆಗ ಕಾರನ್ನು ಮಗ ಬಸವರಾಜನಿಗೆ ಕೊಡಬೇಕೋ ಅಳಿಯನಿಗೆ ಕೊಡಬೇಕೋ ಎಂಬ ಪ್ರಶ್ನೆ ಬಂದಾಗ ಅವರು ನನ್ನ ಹಾಗೆ ಒದ್ದಾಡಲಿಲ್ಲ. "ಬಸು ಎಲ್ಲಾ ಲಗೂ ಲಗೂ ಮಾಡ್ತಾನ. ಅಳಿಯಂದ್ರು ಯಾವ ರಸ್ತಾ ಹಿಡೀಬೇಕು ಅಂತ ವಿಚಾರ ಮಾಡೂದ್ರಾಗ ರವಿವಾರ ಮುಗದು ಹೋಗಿರತೈತಿ. ಗಾಡಿ ಅವರ ಕಡೆನ ಛಲೋ ಉಳಿತೈತಿ" ಎಂದು ಎಲ್ಲರ ಎದುರಿಗೆ ಹೇಳಿ ಕೀಲಿಕೈಯನ್ನು ನನ್ನ ಕೈಗಿಟ್ಟರು. ಇದನ್ನು ಹೊಗಳಿಕೆ ಎಂದೇ ನಾನು ತಿಳಿದುಕೊಂಡೆ. ಕೊಡುವಾಗ ಒಂದೇ ಮಾತು ಹೇಳಿದರು: "ಅದರಾಗ ಮುಖಾ ಕಾಣಬೇಕು, ನೋಡ್ರಿ."

ಮುಖ ಕಾಣಬೇಕೆಂದರೆ ಏನು ಮಾಡಬೇಕು? ಒರೆಸಬೇಕು. ನವನಗರದ ಧೂಳು ಬೆಳಗಾಗುವುದರೊಳಗೆ ಕಾರಿನ ಮೇಲೆ ಕಂಬಳಿಯ ಹಾಗೆ ಹೊದ್ದು ಮಲಗಿರುತ್ತಿತ್ತು. ನಾನು ದಿನಾ ಮುಂಜಾನೆ ಎದ್ದು ನನ್ನದೊಂದು ಹಳೆಯ ಬನಿಯನ್ನು ತೆಗೆದುಕೊಂಡು, ಒಣಗಿದ್ದನ್ನೇ, ಬಾನೆಟ್ಟಿನ ಮೇಲೆ ಗುಂಡಗೆ ಗುಂಡಗೆ ತಿಕ್ಕುತ್ತಿದ್ದೆ. ನಾಲ್ಕೈದು ವರ್ಷ ಹೀಗೆ ತಿಕ್ಕಿದೆ. ನನ್ನ ಜೀವನದಲ್ಲಿ ಇಷ್ಟು ನಿಷ್ಠೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿದ್ದಿಲ್ಲ. ಮಾವನವರು ಆಗೀಗ ಬಂದವರು ಬಾನೆಟ್ಟಿನ ಮೇಲೆ ಕೈಯಾಡಿಸಿ, ಮಸುಕುಗಣ್ಣಿನಿಂದ ನೋಡಿ "ಕನ್ನಡಿ ಆಗೈತಿ" ಎಂದು ತೃಪ್ತಿಪಟ್ಟು ಹೋಗುತ್ತಿದ್ದರು.

ಒಂದು ಬೇಸಿಗೆಯ ದಿನ ಶೋಭಾ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದವಳು ಕೂಗಿದಳು, "ಇಲ್ಲೆ ಬರ್ರಿ ಸ್ವಲ್ಪ. ಕಾರಿನ ಮ್ಯಾಲೆ ಜ್ಯಾಡ ಬಲಿ ಕಟ್ಟೇತಿ." ಹೋಗಿ ನೋಡಿದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಿತ್ತು. ಬಾನೆಟ್ಟಿನ ತುಂಬ ಕೂದಲೆಳೆಯಂತಹ ಗೀರುಗಳು ಗುಂಡಗೆ ಗುಂಡಗೆ ಹರಡಿ, ನಡುವೆ ಸೂರ್ಯನೇ ಜೇಡನಾಗಿ ಕುಳಿತಿದ್ದ. ನಾನು ಗಾಬರಿಯಿಂದ ಬನಿಯನ್ನು ತಂದು ಬಲೆಯನ್ನು ತಿಕ್ಕಿ ತೆಗೆಯಲು ನೋಡಿದೆ. ಬಲೆ ಇನ್ನೂ ಒತ್ತಾಯಿತು. ಮೊದಲ ಕಣ್ಣಿನ ಕರಿ ಚಷ್ಮಾ ಇಳಿಯುವ ಮೊದಲೇ, ಅದೇ ವಾರ ಮಾವನವರ ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆದಿದ್ದರು. ಆಪರೇಶನ್ನು ಚೆನ್ನಾಗಿ ಆಗಿತ್ತು. ಅವರು ಫೋನಿನಲ್ಲಿ ಹುಮ್ಮಸ್ಸಿನಿಂದ, "ಇದೊಂದು ರವಿವಾರ ಬಿಟ್ಟು ಮುಂದಿನ ರವಿವಾರ ಕರಿ ಚಷ್ಮಾ ತೆಗೀತಾರ. ಸೀದಾ ನಿಮ್ಮ ಮನಿಗೆ ಬರ್ತೇನಿ. ಮೊದಲ ಕಾರ್ ನೋಡತೇನಿ, ಆಮ್ಯಾಲೆ ನಿಮ್ಮನ್ನ" ಎಂದರು. ಶೋಭಾ ಫೋನಿಟ್ಟು ನನ್ನ ಕಡೆ ನೋಡಿ, "ಅಪ್ಪಾರ ಮುಂದ ನನ್ನ ಮಾನ ನಿಮ್ಮ ಕೈಯಾಗೈತಿ" ಎಂದಳು. ನನ್ನ ಕೈಯಲ್ಲಿ ಆಗ ಬನಿಯನ್ನೇ ಇತ್ತು.

ಗೀರು ತೆಗೆಯುವುದಕ್ಕೆ ಮಷೀನು ಇರುತ್ತದೆ, ಆ ಕೆಲಸಕ್ಕೆ ಬಫಿಂಗ್ ಎನ್ನುತ್ತಾರೆ ಎಂದು ಮೊದಲು ಹೇಳಿದವನು ಬಸು. ಶೋಭಾಳ ತಮ್ಮ, ಹುಬ್ಬಳ್ಳಿಯಲ್ಲಿ ಗ್ರಾನೈಟ್ ಕಲ್ಲಿನ ಅಂಗಡಿ. ಅವನು ಮಾತು ಮುಗಿಸುವ ಮೊದಲೇ ಕೆಲಸ ಮುಗಿಸಿರುತ್ತಾನೆ, ಬಹಳಷ್ಟು ಸಲ ಆ ಕೆಲಸವನ್ನು ಇನ್ನೊಬ್ಬರು ಬಂದು ಸರಿಮಾಡಬೇಕಾಗುತ್ತದೆ. "ಹತ್ತು ಮಿನಿಟಿನ ಕೆಲಸ, ಮಾಮಾ. ನನ್ನ ಕಡೆ ಮಷೀನ್ ಐತಿ. ಉಣ್ಣಿ ಬಟ್ಟಿ ಕಟ್ಟೂದು, ಕಂಪೌಂಡ ಹಚ್ಚೂದು, ಗರ್ರ್ ಅನ್ನಸೂದು. ಮುಗೀತು" ಎಂದ. ಅವನ ಮಷೀನಿನ ತಟ್ಟೆ ನಿಂತಲ್ಲೇ ಒಂದೇ ದಿಕ್ಕಿಗೆ ಗರಗರ ತಿರುಗುವಂಥದು. ಅಡಿಗೆಮನೆಯಿಂದ ಶೋಭಾ, "ಮನಿಗೆ ಕಂಪೌಂಡ ಕಟ್ಟಸ್ರಿ ಅಂತ ಆರು ವರ್ಷ ಆತು ಹೇಳಾಕತ್ತು. ಇವರು ಕಾರಿಗೆ ಕಂಪೌಂಡ ಹಚ್ಚತಾರಂತ" ಎಂದಳು. ಅದು ಗೋಡೆಯಲ್ಲ, ಗೀರು ಸವೆಸುವ ಬಿಳಿ ಮುಲಾಮು, ಹಾಗೆ ಸವೆಸುವುದಕ್ಕೆ ಕಟಿಂಗ್ ಎನ್ನುತ್ತಾರೆ ಎಂದು ಬಸು ವಿವರಿಸಿದ. ಮನೆಗೆ ಕಂಪೌಂಡು ಇಲ್ಲದ್ದು ಮುಂದೆ ಎಷ್ಟು ಅನರ್ಥಕ್ಕೆ ದಾರಿಯಾಯಿತೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಬ್ಬ ನನ್ನ ಕಾಕಾನ ಮಗ ಗಿರೀಶ. ಧಾರವಾಡದವನು, ಪಾಲಿಟೆಕ್ನಿಕ್ಕಿನಲ್ಲಿ ಮಾಸ್ತರ. ಯಾವ ವಿಷಯ ಹಿಡಿದರೂ ಬೇರಿನಿಂದ ಶುರುಮಾಡುವ ಮನುಷ್ಯ. ಮೊದಲ ಸಂಜೆ ಬಂದವನು ಎರಡು ಸಲ ಚಹಾ ಕುಡಿದು ಕಾರಿನ ಬಣ್ಣದ ಪದರಗಳ ಬಗ್ಗೆ ಮಾತ್ರ ಹೇಳಿದ. ಕೆಳಗೆ ಬಣ್ಣ, ಅದರ ಮೇಲೆ ಗಾಜಿನಂಥ ಒಂದು ತೆಳು ಪದರ, ಗೀರು ಇರುವುದು ಆ ಪದರದಲ್ಲಿ. ಒಣ ಬಟ್ಟೆಯಿಂದ ಧೂಳು ತಿಕ್ಕುವ ಮೂರ್ಖರ ಕಾರುಗಳಲ್ಲಿ ಮಾತ್ರ ಹೀಗಾಗುತ್ತದೆ ಎಂದ. ಅಂಥ ಮೂರ್ಖರು ಯಾರೋ ಎಂಬ ಹಾಗೆ ನಾನು ಹೊರಗೆ ನೋಡಿದೆ. ಅವನ ಗುರುತಿನವರೊಬ್ಬರು ಮುಂಬೈಯಿಂದ ತಂದ ಒಂದು ಹೊಸ ನಮೂನೆಯ ಮಷೀನು ಅವನ ಹತ್ತಿರ ಇತ್ತು. ಅದರ ತಟ್ಟೆ ತಿರುಗುವುದರ ಜೊತೆಗೆ ಆಚೀಚೆ ಓಲಾಡುತ್ತದೆ, ಒಂದೇ ಕಡೆ ನಿಲ್ಲುವುದಿಲ್ಲ. "ಬಸುಂದು ಒಂದ ಜಾಗಾದಾಗ ತಿರಗತೈತಿ, ಬಿಸಿ ಏರತೈತಿ, ಮ್ಯಾಲಿನ ಪದರ ಸುಟ್ಟು ಹೋಗತೈತಿ. ನಂದು ಅಡ್ಡಾಡಿಕೋತ ತಿರಗತೈತಿ, ಸಾವಕಾಶ ಆಗತೈತಿ ಖರೇ, ಆದ್ರ ಬಣ್ಣಕ್ಕ ಧೋಕಾ ಇಲ್ಲ ಅಣ್ಣಾ" ಎಂದ.

ಒಂದು ಸಂಜೆ ಇಬ್ಬರೂ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಎದುರಾದರು. ಬಸು ಹೇಳಿದ, "ಬೀಸೂಕಲ್ಲು ನೋಡ್ರಿ. ಒಂದ ಜಾಗಾದಾಗ ಕುಂತು ಒಂದ ದಿಕ್ಕಿಗೆ ತಿರಗತೈತಿ, ಹಿಟ್ಟು ಬರತೈತಿ. ಅಡ್ಡಾಡೂ ಬೀಸೂಕಲ್ಲು ಯಾರರ ನೋಡೀರೇನು?" ಗಿರೀಶ ಒಳಗೆ ಕೈ ತೋರಿಸಿದ, "ವೈನಿ ರೊಟ್ಟಿ ಬಡಿಯೂದು ನೋಡು. ರೊಟ್ಟಿ ತಾನೂ ತಿರಗತೈತಿ, ಜಾಗಾನೂ ಸರಿತೈತಿ. ಅದಕ್ಕ ಎಲ್ಲಾ ಕಡೆ ಒಂದ ಸಮ ತೆಳ್ಳಗ ಆಗತೈತಿ. ಒಂದ ಕಡೆ ಬಡದ್ರ ತೂತು ಬೀಳತೈತಿ." ಶೋಭಾ ಕೈ ನಿಲ್ಲಿಸಲಿಲ್ಲ. "ಬೀಸೂದೂ ನಾವ, ಬಡಿಯೂದೂ ನಾವ. ನೀವು ತಿರಗೂದು, ಅಡ್ಡಾಡೂದು ಎರಡೂ ಮಾಡಾಕತ್ತೀರಿ, ರೊಟ್ಟಿ ಮಾತ್ರ ಬಂದಿಲ್ಲ" ಎಂದಳು. ಇಬ್ಬರೂ ಒಂದೇ ಸಲ ನನ್ನ ಕಡೆ ತಿರುಗಿ, "ನೀವ ಹೇಳ್ರಿ, ಯಾವುದು?" ಎಂದರು.

ನೋಡಿ, ಇದು ಮಷೀನಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. ಬಸುವಿನದೆಂದರೆ ಹುಬ್ಬಳ್ಳಿಯವರು, ಹೆಂಡತಿಯ ತವರು ಗೆದ್ದಂತೆ. ಗಿರೀಶನದೆಂದರೆ ಧಾರವಾಡದವರು, ನನ್ನ ಮನೆತನ ಗೆದ್ದಂತೆ. ಹುಬ್ಬಳ್ಳಿಯವರಿಗೆ ಧಾರವಾಡದವರು ಮಾತಿನಲ್ಲೇ ಹೊತ್ತು ಕಳೆಯುವವರು. ಧಾರವಾಡದವರಿಗೆ ಹುಬ್ಬಳ್ಳಿಯವರು ಗದ್ದಲದವರು. ನಡುವಿನ ನವನಗರದವನು ಏನು ಹೇಳಬೇಕು? ನನ್ನ ಬಾಯಿ ಅಭ್ಯಾಸದಂತೆ ತೆರೆಯಿತು. "ಎಡಗಡೆ ಅರ್ಧಾ ಬಸು ಮಾಡ್ಲಿ, ಬಲಗಡೆ ಅರ್ಧಾ ಗಿರೀಶ ಮಾಡ್ಲಿ. ಯಾವುದು ಛಲೋ ಆಗತೈತಿ, ಇಡೀ ಕಾರಿಗೆ ಅದನ್ನ ಮಾಡೂಣು" ಎಂದೆ. ಇಬ್ಬರೂ ಒಪ್ಪಿದರು. ಇಂಥ ಬುದ್ಧಿವಂತ ತೀರ್ಮಾನ ನನ್ನಿಂದ ಹೇಗೆ ಹೊರಬಿತ್ತೆಂದು ನನಗೇ ಹೆಮ್ಮೆಯಾಯಿತು. ಮಾವನವರು ಬರುವ ಹಿಂದಿನ ರವಿವಾರ ಮುಂಜಾನೆ ಪಂದ್ಯ ಎಂದು ನಿಶ್ಚಯವಾಯಿತು.

ಶುಕ್ರವಾರ ಗಿರೀಶನಿಗೆ ನೆನಪು ಮಾಡಲೆಂದು ಧಾರವಾಡಕ್ಕೆ ಫೋನು ಮಾಡಿದೆ. ಎತ್ತಿದವರು ಅವನ ಅಪ್ಪ, ನನ್ನ ಶಂಕ್ರಪ್ಪ ಕಾಕಾ. ಸಾಲಿ ಮಾಸ್ತರಾಗಿ ನಿವೃತ್ತರಾದವರು. ಎಲ್ಲದಕ್ಕೂ ಉದಾಹರಣೆ ಕೊಟ್ಟು ಮಾತಾಡುವ ರೂಢಿ. ಕಿವಿ ಸ್ವಲ್ಪ ಮಂದ, ಆದರೆ ಅದನ್ನು ಅವರು ಒಪ್ಪುತ್ತಿರಲಿಲ್ಲ.

"ಗಿರೀಶ ಇಲ್ಲಪಾ, ಏನ್ ಹೇಳ್ಲಿ?" ಎಂದರು.

"ರವಿವಾರ ನಮ್ಮ ಮನ್ಯಾಗ ಬಫಿಂಗ್ ಐತಿ ಅಂತ ನೆನಪ ಮಾಡ್ರಿ ಕಾಕಾ."

"ಓಹೋ! ಏನ್ ವಿಶೇಷಪಾ?"

"ಮಾವಾರ ಕಣ್ಣಿನ ಆಪರೇಶನ್ ಆತಲ್ರಿ. ಅದರ ಸಲುವಾಗಿನ."

"ಭಾಳ ಛಲೋ ಆತು. ಖರೇ ಹೇಳ್ಬೇಕಂದ್ರ ನನಗ ಈ ಅಡ್ಡಾಡೂ ಪದ್ಧತಿ ಸೇರೂದಿಲ್ಲ. ಒಂದ ಜಾಗಾದಾಗ ಆದ್ರ ಸಮಾಧಾನ."

ಕಾಕಾ ಸ್ವಂತ ಮಗನ ಮಷೀನನ್ನು ಬಿಟ್ಟು ಬಸುವಿನ ಪಕ್ಷ ವಹಿಸಿದ್ದು ನೋಡಿ ನನಗೆ ಅವರ ನಿಷ್ಪಕ್ಷಪಾತದ ಬಗ್ಗೆ ಗೌರವ ಹುಟ್ಟಿತು. "ಒಂದ ಜಾಗಾದಾಗ ಆದ್ರ ಭಾಳ ಬಿಸಿ ಆಗತೈತಂತ್ರಿ" ಎಂದೆ.

"ಬಿಸಿ ಬ್ಯಾಡೇನು ಮತ್ತ? ಬಿಸಿ ಬಿಸಿ ಇರಬೇಕು!"

"ಮ್ಯಾಲಿನ ಪದರ ಸುಡತೈತ್ರಿ."

"ಸುಡ್ಲಿ. ಹೋಳಿಗಿ ನೋಡು, ಮ್ಯಾಲಿನ ಪದರ ಒಂಚೂರು ಕೆಂಪಗ ಆದ್ರನ ಹೋಳಿಗಿ."

ಮಾಸ್ತರರ ಉದಾಹರಣೆ ಎಂದು ನಾನು ಮೆಚ್ಚಿಕೊಂಡೆ. "ಮಂದಿ ಎಷ್ಟು?" ಎಂದು ಕೇಳಿದರು. ಬಸು, ಗಿರೀಶ ಇಬ್ಬರೇ ಸಾಕು ಎಂದೆ. "ಇಬ್ಬರ? ಚೇ ಚೇ, ಛಂದ ಕಾಣೂದಿಲ್ಲ. ನೀ ಚಿಂತಿ ಮಾಡಬ್ಯಾಡ, ಉಳದವರಿಗೆ ನಾ ಹೇಳತೇನಿ" ಎಂದು ಫೋನಿಟ್ಟರು. ಕಾರು ತಿಕ್ಕಲು ಕೈಗಳು ಹೆಚ್ಚಿದ್ದರೆ ಒಳ್ಳೆಯದೇ ಎಂದು ನಾನು ಸಮಾಧಾನಪಟ್ಟೆ. ಆಗಷ್ಟೇ ನಮ್ಮ ಕಡೆ ಮದುವೆಗಳಲ್ಲಿ ಪಂಕ್ತಿಯ ಊಟ ಕಡಿಮೆಯಾಗಿ, ತಟ್ಟೆ ಹಿಡಿದು ಅಡ್ಡಾಡುವ ಬಫೆ ಶುರುವಾಗಿತ್ತು. ಕಾಕಾನ ಕಿವಿಯಲ್ಲಿ ಬಫಿಂಗಿನ ಬಾಲ ಬಿದ್ದುಹೋಗಿ ಬಫೆ ಮಾತ್ರ ಉಳಿದಿರಬಹುದೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾರೇ ಹೊಳೆಯದಿರುವಾಗ ನನಗೇನು ಹೊಳೆಯುತ್ತದೆ?

ರವಿವಾರ ಬಸು ಬೆಳಿಗ್ಗೆಯೇ ಮಷೀನು ಹೊತ್ತು ಬಂದ. ಅಪ್ಪನಿಗೆ ಅಂಗಡಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದ. ಹಿಂದೆಯೇ ಗಿರೀಶನೂ ತನ್ನ ಮಷೀನಿನ ಪೆಟ್ಟಿಗೆ ಹಿಡಿದು ಬಂದ. ಬಾನೆಟ್ಟಿನ ನಡುವೆ ಕಾಗದದ ಪಟ್ಟಿ ಅಂಟಿಸಿ ಗಡಿ ಹಾಕಿದೆವು. ಬಸು ಗರ್ರ್ ಎನ್ನಿಸಿದ. ಮುಲಾಮು ನಾಲ್ಕೂ ದಿಕ್ಕಿಗೆ ಹಾರಿತು. ಅವನ ಮುಖ, ಮೀಸೆ, ನನ್ನ ಕನ್ನಡಕ, ಒಣಗಲು ಹಾಕಿದ ಶೋಭಾಳ ಸೀರೆ, ಎಲ್ಲದರ ಮೇಲೂ ಬಿಳಿ ಚುಕ್ಕೆ. ಹತ್ತು ಮಿನಿಟು ಅಂದವನು ಇಪ್ಪತ್ತು ತೆಗೆದುಕೊಂಡ, ಆದರೆ ಒರೆಸಿದ ಮೇಲೆ ಎಡಗಡೆ ಬಾನೆಟ್ಟು ನಿಜವಾಗಿಯೂ ಕನ್ನಡಿಯಾಗಿತ್ತು. ನೆರಳಿನಲ್ಲಿ ನೋಡಿದರೆ ನನ್ನ ಮೂಗಿನ ಕೂದಲೂ ಕಾಣುತ್ತಿತ್ತು. ಬಿಸಿಲಿನಲ್ಲಿ ನೋಡಿದರೆ ಮಾತ್ರ ಒಂದು ಬಗೆಯ ನೆರಳು ನವಿಲುಗರಿಯ ಹಾಗೆ ತಿರುಗುತ್ತಿತ್ತು. "ಇದ ನೋಡ್ರಿ ಅಣ್ಣಾ, ಗೀರು ತೆಗದು ಗೀರು ಹಾಕ್ಯಾನ" ಎಂದ ಗಿರೀಶ. "ಬಿಸಲಾಗ ಯಾಕ ನೋಡ್ತೀ?" ಎಂದ ಬಸು.

ನಂತರ ಗಿರೀಶನ ಸರದಿ. ಅವನು ಬಲಗಡೆಯನ್ನು ತೊಳೆದ. ಒರೆಸಿದ. ಮತ್ತೆ ತೊಳೆದ. ಅಂಚುಗಳಿಗೆಲ್ಲ ಪಟ್ಟಿ ಹಚ್ಚಿದ. ಬಣ್ಣದ ಮೇಲೆ ಬೆರಳಾಡಿಸಿ ಕಣ್ಣುಮುಚ್ಚಿ ನಿಂತ. ಬಸು ಪಕ್ಕದ ಮನೆಯವರಿಗೆ ಗ್ರಾನೈಟಿನ ದರ ಹೇಳಿ ಬಂದ. ಕೊನೆಗೆ ಗಿರೀಶ ಮಷೀನನ್ನು ಬಾನೆಟ್ಟಿನ ಮೇಲಿಟ್ಟು ಗುಂಡಿ ಒತ್ತಿದ. ತಟ್ಟೆ ಒಂದು ಸಲ ಓಲಾಡಿತು, ಕರೆಂಟು ಹೋಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಹೋದ ಕರೆಂಟು ಯಾವಾಗ ಬರುತ್ತದೆಂದು ಕೇಳುವುದು ಮೂರ್ಖತನ. ಬಸು ನಕ್ಕ. ಗಿರೀಶ ನಗಲಿಲ್ಲ. ಅಷ್ಟರಲ್ಲಿ ಮನೆಯ ಮುಂದೆ ಎರಡು ಟಂಟಂ ಗಾಡಿಗಳು ಬಂದು ನಿಂತವು. ಒಂದರಿಂದ ಶಂಕ್ರಪ್ಪ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಇಳಿದರು. ಅವರ ಹಿಂದೆ ಧಾರವಾಡದ ನಮ್ಮ ಬಳಗ ಇಳಿಯತೊಡಗಿತು. ಒಂದು ಟಂಟಂನಿಂದ ಅಷ್ಟು ಮಂದಿ ಇಳಿಯಬಹುದೆಂದು ನಾನು ಎಣಿಸಿರಲಿಲ್ಲ. ಇನ್ನೊಂದರಿಂದ ಹೆಬ್ಬಳ್ಳಿಯ ನನ್ನ ಸೋದರತ್ತೆ, ಅವಳ ಮನೆಯವರು, ಅವಳ ಓಣಿಯವರು.

ಸೋದರತ್ತೆ ನೇರವಾಗಿ ಬಿಳಿ ಚುಕ್ಕೆಗಳ ಬಸುವಿನ ಹತ್ತಿರ ಹೋಗಿ, ಹಿಟ್ಟು ಸಿಡಿದ ಅಡಿಗೆಯವನೆಂದೇ ತಿಳಿದು, "ಅಡಿಗಿ ಎಲ್ಲಿಗೆ ಬಂತಪಾ?" ಎಂದಳು. ಬಸು ಕಾರಿನ ಬಗ್ಗೆಯೇ ಕೇಳುತ್ತಿದ್ದಾಳೆಂದು ತಿಳಿದು, "ಕಟಿಂಗ್ ಮುಗದೈತ್ರಿ, ಅದೂ ಅರ್ಧಾ" ಎಂದ. "ಅಯ್ಯ ಶಿವನ! ಇನ್ನೂ ಕಾಯಿಪಲ್ಲೆ ಹೆಚ್ಚೂದ ಮುಗದಿಲ್ಲಂತ" ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡಿಗೆಮನೆಗೆ ನಡೆದಳು. ಕಾಕಾ ನನ್ನ ಬೆನ್ನು ತಟ್ಟಿ, "ನಿನ್ನ ಮಾವಾರಿಗೂ ನಾನ ಫೋನ್ ಮಾಡಿ ಹೇಳೇನಿ. ಅವರ ಸಲುವಾಗಿ ಬಫೆ ಇಟ್ಟು ಅವರನ್ನ ಬಿಟ್ರ ಹೆಂಗ? ಇನ್ನೇನ್ ಬರ್ತಾರ" ಎಂದರು.

ಆಗ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಹೊರಗೆ ಅರ್ಧ ಕನ್ನಡಿ ಅರ್ಧ ಜೇಡರಬಲೆಯಾದ ಕಾರು, ಅದನ್ನು ಮರೆಮಾಡಲು ಕಂಪೌಂಡಿಲ್ಲ, ನಡೆಸಿಕೊಂಡು ಹೋಗೋಣವೆಂದರೆ ಮುಂದೆ ಟಂಟಂಗಳು. ಹೊಸ ಕಣ್ಣಿನ ಮಾವನವರು ದಾರಿಯಲ್ಲಿದ್ದಾರೆ. ಶೋಭಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆದರೆ ಅವಳು ಹುಬ್ಬಳ್ಳಿಯವಳು. ಬಸುವನ್ನು ಖಾನಾವಳಿಗೆ ಓಡಿಸಿ ರೊಟ್ಟಿ, ಎಣಗಾಯಿ ತರಿಸಿದಳು. ಗಿರೀಶನನ್ನು ಚುರುಮರಿಗೆ ಓಡಿಸಿದಳು. ಶಿರಾಕ್ಕೆ ರವೆ ಹುರಿಯಲು ಸೋದರತ್ತೆಯನ್ನು ಹಚ್ಚಿದಳು. ಟ್ರಂಕಿನಿಂದ ದೊಡ್ಡ ಬಿಳಿ ಹಾಸಿಗೆ ಚಾದರ ತೆಗೆದು ನನ್ನ ಕೈಗೆ ಕೊಟ್ಟು, "ಕಾರ್ ಮುಚ್ಚ್ರಿ. ಇಷ್ಟರ ಮಾಡ್ರಿ" ಎಂದಳು. ನಾನು ಮುಚ್ಚಿದೆ. ಅಂಚುಗಳನ್ನು ನೆಲದವರೆಗೆ ಇಳಿಬಿಟ್ಟು, ಚಂದ ಕಾಣಲೆಂದು ಸುಕ್ಕು ಸಹ ತೆಗೆದೆ.

ಅದೇ ತಪ್ಪಾಯಿತು. ಬೇವಿನ ಗಿಡದ ನೆರಳಲ್ಲಿ ಸುಕ್ಕಿಲ್ಲದ ಬಿಳಿ ಬಟ್ಟೆ ಹಾಸಿದ್ದನ್ನು ಕಂಡವರು ಅದನ್ನು ಬಫೆಯ ಮೇಜಲ್ಲದೆ ಬೇರೆ ಏನೆಂದು ತಿಳಿಯಬೇಕು? ನಾನು ಒಳಗೆ ನೀರು ತರಲು ಹೋಗಿ ಬರುವಷ್ಟರಲ್ಲಿ ಸೋದರತ್ತೆ ಶಿರಾದ ಪಾತ್ರೆಯನ್ನು ತಂದು ಬಾನೆಟ್ಟಿನ ಮೇಲೆ ಇಟ್ಟಿದ್ದಳು. ಒಲೆಯಿಂದ ಈಗಷ್ಟೇ ಇಳಿಸಿದ್ದು. ಕಾಕಾ, "ಬಿಸಿ ಬಿಸಿ ಇರಬೇಕು ಅಂದಿದ್ನಿಲ್ಲ?" ಎಂದು ನನ್ನ ಕಡೆ ನೋಡಿ ನಕ್ಕರು. ಗಿರೀಶ ಮೇಲಿನ ಪದರವನ್ನು ನೆನೆದು ಕಣ್ಣುಮುಚ್ಚಿದ. ಅದರ ಪಕ್ಕದಲ್ಲಿ ಚುರುಮರಿ ಕಲಸಿದ ಗಿರ್ಮಿಟ್ಟಿನ ಬುಟ್ಟಿ ಬಂತು, ಕಾರಿನ ಛತ್ತಿನ ಮೇಲೆ ತಟ್ಟೆಗಳ ರಾಶಿ ಬಂತು. ಮಂದಿ ತಟ್ಟೆ ಹಿಡಿದು ಕಾರಿನ ಸುತ್ತ ಸಾಲಾಗಿ ತಿರುಗತೊಡಗಿದರು. ಕಾಕಾ ಮಾತ್ರ ಅಡ್ಡಾಡುವ ಪದ್ಧತಿ ಸೇರದೆ ಶಿರಾದ ಎದುರಿಗೆ ನಿಂತಲ್ಲೇ ನಿಂತಿದ್ದರು. ಎರಡು ನಮೂನೆಯ ಮಷೀನುಗಳನ್ನು ಇದಕ್ಕಿಂತ ಸ್ಪಷ್ಟವಾಗಿ ನನಗೆ ಯಾರೂ ತೋರಿಸಿರಲಿಲ್ಲ.

ಮಾವನವರು ಆಟೊದಿಂದ ಇಳಿದರು. ಕಣ್ಣಿಗೆ ಕರಿ ಚಷ್ಮಾ. ಎಲ್ಲರೂ ಅವರ ಕೈಹಿಡಿದು ಮಾತಾಡಿಸಿದರು, ತಟ್ಟೆಗೆ ಶಿರಾ ಬಡಿಸಿದರು. ಅವರು ತಟ್ಟೆಯನ್ನು ಬಾನೆಟ್ಟಿನ ಅಂಚಿಗೆ ಊರಿ ನಿಂತು, "ಕಾರ್ ಎಲ್ಲೈತಿ?" ಎಂದು ಕೇಳಿದರು. ಬಸು, "ಸರ್ವಿಸಿಂಗಿಗೆ ಕೊಟ್ಟೇವಿ" ಎಂದ. ಅದೇ ಹೊತ್ತಿಗೆ ಗಿರೀಶ, "ಗೆಳ್ಯಾರು ಗಬ್ಬೂರಿಗೆ ಒಯ್ದಾರ" ಎಂದ. ಮಾವನವರು ನನ್ನ ಕಡೆ ತಿರುಗಿದರು. "ಅಳಿಯಂದ್ರ, ಎರಡರಾಗ ಯಾವುದು ಖರೇ?"

"ಎರಡೂ ಖರೇ ರಿ" ಎಂದೆ. "ಗೆಳ್ಯಾರು ಒಯ್ದಾರ್ರಿ. ಗಬ್ಬೂರಾಗ ಸರ್ವಿಸಿಂಗ್ ಮಾಡ್ತಾರ್ರಿ."

ಅವರು ತಲೆದೂಗಿ ಒಂದು ತುತ್ತು ಶಿರಾ ತಿಂದರು. ಎಡಗೈ ಚಾದರದ ಮೇಲೆ ಇತ್ತು. ಆ ಕೈ ತಾನಾಗಿಯೇ ಮೆಲ್ಲಗೆ ಸರಿಯತೊಡಗಿತು. ಬಾನೆಟ್ಟಿನ ಇಳಿಜಾರಿಗೆ ಬಂದು ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಅದೇ ಇಳಿಜಾರಿಗೆ ಬಂತು. ಅತ್ತೆಯವರು ಕಾರು ಹತ್ತುವ ಮೊದಲು ನಿಲ್ಲುತ್ತಿದ್ದ ಜಾಗ ಅದು. ಕೈಗೆ ಚಾದರದ ಅಡ್ಡಿ ಯಾಕೆ ಬಂದೀತು? ಅವರು ತಟ್ಟೆ ಕೆಳಗಿಟ್ಟು, "ಇದರ ಮ್ಯಾಲಿನ ಭಾಂಡಿ ಎಲ್ಲಾ ತಗೀರಿ" ಎಂದರು. ಪಾತ್ರೆಗಳನ್ನು ತೆಗೆದೆವು. ಚಾದರ ಎಳೆದರು, ಕರಿ ಚಷ್ಮಾ ತೆಗೆದು ಕಿಸೆಯಲ್ಲಿಟ್ಟರು, ಬಗ್ಗಿದರು. ಶೋಭಾ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಳು. ನನಗೆ ಅಳು ಬರುವಂತಾಗಿತ್ತು.

ಮೊದಲು ಎಡಗಡೆ ನೋಡಿದರು. ಬಸುವಿನ ಕನ್ನಡಿ. ಬಹಳ ಹೊತ್ತು ನೋಡಿ, ಕೆನ್ನೆ ಮುಟ್ಟಿಕೊಂಡು, "ಯಾರಪಾ ಈ ಮುದುಕ?" ಎಂದರು. ಎಷ್ಟೋ ವರ್ಷಗಳ ಮೇಲೆ ಅವರು ತಮ್ಮ ಮುಖವನ್ನು ಸ್ಪಷ್ಟವಾಗಿ ನೋಡಿದ್ದು ಅದೇ ಮೊದಲು. ಆಮೇಲೆ ಕಾಗದದ ಪಟ್ಟಿ ದಾಟಿ ಬಲಗಡೆಗೆ ಬಗ್ಗಿದರು. ಅಲ್ಲಿ ನನ್ನ ನಾಲ್ಕೈದು ವರ್ಷದ ಗೀರುಗಳು. ಅದರಲ್ಲಿ ಮುಖ ಮಸುಕಾಗಿ, ಸುಕ್ಕೆಲ್ಲ ಕರಗಿ ಕಾಣುತ್ತಿತ್ತು. ಅವರ ಮುಖ ಅರಳಿತು. ಕ್ರಾಪಿಗೆ ಕೈ ಹೋಯಿತು. "ಹಾಂ, ಇಂವಾ ನಾನು. ನಿಮ್ಮ ಅವ್ವ ನೋಡಿದ್ದು ಇವನ್ನ" ಎಂದು ಶೋಭಾಗೆ ಹೇಳಿದರು. ಅವಳು ಕಣ್ಣೊರೆಸಿಕೊಂಡಳು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಈ ಬಲಗಡೆದು ಭಾಳ ಛಲೋ ಆಗೈತಿ. ಯಾವ ಮಷೀನ್ ಹಚ್ಚಿದ್ರಿ?"

ಬಸು ಗಿರೀಶನನ್ನು ನೋಡಿದ, ಗಿರೀಶ ನನ್ನನ್ನು ನೋಡಿದ. "ಬನಿಯನ್ ರಿ" ಎಂದೆ ನಾನು.

"ಹಂಗಾದ್ರ ಎಡಗಡೆಗೂ ಅದನ್ನ ಹಚ್ಚಿ ಸರಿ ಮಾಡ್ರಿ" ಎಂದು ಅವರು ಉಳಿದ ಶಿರಾ ತಿನ್ನಲು ಹೋದರು. ಬಸುವಿನ ಮಷೀನು ಗ್ರಾನೈಟಿಗೆ ಮರಳಿತು, ಗಿರೀಶನದು ಒಂದು ಸಲ ಓಲಾಡಿದ ಪುಣ್ಯದೊಂದಿಗೆ ಪೆಟ್ಟಿಗೆ ಸೇರಿತು. ಇಬ್ಬರೂ ಆ ದಿನದಿಂದ ಒಬ್ಬರಿಗೊಬ್ಬರು ಗೆಳೆಯರು. ಇಬ್ಬರನ್ನೂ ಸೋಲಿಸಿದವನು ನಾನೆಂದು ಇಬ್ಬರಿಗೂ ನನ್ನ ಮೇಲೆ ಒಂದೇ ಸಮ ಸಿಟ್ಟು. ಎಡಗಡೆಯನ್ನು ನಾನು ಮಾವನವರು ಇರುವವರೆಗೂ ಬನಿಯನ್ನಿನಿಂದ ತಿಕ್ಕಿದೆ, ಬಲಗಡೆಯ ಹದ ಮಾತ್ರ ಬರಲಿಲ್ಲ.

ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಹೋದ ವಾರ ಶೋಭಾ ಹುಬ್ಬಳ್ಳಿಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿದ್ದಳು. ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಪೊರೆ ತೆಗೆಯುವುದು ಎರಡು ನಮೂನೆಯಂತೆ. ಒಂದು ಕೈಯಿಂದ ಬಿಡಿಸಿ ತೆಗೆಯುವುದು. ಇನ್ನೊಂದು ಸಣ್ಣದೊಂದು ಮಷೀನು ಒಳಗೆ ಹೋಗಿ, ಗಡಗಡ ನಡುಗಿ ಪುಡಿಮಾಡಿ ತೆಗೆಯುವುದು. "ನಿಮಗ ಯಾವುದು ಮಾಡೂಣ್ರಿ?" ಎಂದು ಕೇಳಿದರು. ಶೋಭಾ ಗಾಬರಿಯಿಂದ ನನ್ನ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಮಾತು ಹೊರಗೆ ಬಂದಾಗಿತ್ತು.

"ಎಡಗಣ್ಣಿಗೆ ಅದು, ಬಲಗಣ್ಣಿಗೆ ಇದು ಮಾಡಿಬಿಡ್ರಿ."